ಚಿತ್ರ ಚಿಕ್ಕದಾದಾಗ

ಮಕ್ಕಳೇ, ಮೊಬೈಲಿನಲ್ಲಿ ತೆಗೆದ ಒಂದು ಫೋಟೊವನ್ನು ಎರಡು ಬೆರಳುಗಳಿಂದ ಹಿಗ್ಗಿಸಿ ನೋಡಿದ್ದೀರಾ? ಮೊದಲು ಇಡೀ ಮಾವಿನ ಮರ ಕಾಣುತ್ತದೆ. ಸ್ವಲ್ಪ ಹಿಗ್ಗಿಸಿದರೆ ಒಂದು ಕೊಂಬೆ. ಇನ್ನಷ್ಟು ಹಿಗ್ಗಿಸಿದರೆ ಒಂದು ಎಲೆ. ಮತ್ತೂ ಹಿಗ್ಗಿಸಿದರೆ ಎಲೆಯ ಅಂಚು ಮಸುಕಾಗುತ್ತದೆ. ಅದೇ ಫೋಟೊವನ್ನು ಕಂಪ್ಯೂಟರಿನ ಫೋಟೊ ಎಡಿಟರಿನಲ್ಲಿ ತೆರೆದು ತುಂಬಾ ಹಿಗ್ಗಿಸಿ ನೋಡಿ. ಎಲೆಯೂ ಇಲ್ಲ, ಅಂಚೂ ಇಲ್ಲ. ಬಣ್ಣ ಬಣ್ಣದ ಸಣ್ಣ ಸಣ್ಣ ಚೌಕಗಳು ಮಾತ್ರ ಸಾಲುಸಾಲಾಗಿ ಕಾಣುತ್ತವೆ.

ಈ ಚೌಕಗಳಿಗೆ ಪಿಕ್ಸೆಲ್ ಎಂದು ಹೆಸರು. ಚದುರಂಗದ ಹಾಸಿನಲ್ಲಿ ಮನೆಗಳಿರುವಂತೆಯೇ ಚಿತ್ರದಲ್ಲಿ ಪಿಕ್ಸೆಲ್‌ಗಳಿರುತ್ತವೆ. ಆದ್ದರಿಂದ ಈ ಪಾಠದಲ್ಲಿ ಅವುಗಳನ್ನು 'ಮನೆ' ಎಂದೇ ಕರೆಯೋಣ. ಒಂದು ಮನೆಗೆ ಒಂದೇ ಬಣ್ಣ. ಬಣ್ಣದ ಓಲೆಗಳಿಂದ ಹೆಣೆದ ಚಾಪೆಯನ್ನು ನೋಡಿದ್ದೀರಲ್ಲವೇ? ಹತ್ತಿರದಿಂದ ನೋಡಿದರೆ ಬರಿಯ ಚೌಕಗಳು. ದೂರ ನಿಂತು ನೋಡಿದರೆ ಹೂವು, ಬಳ್ಳಿ. ಫೋಟೊ ಕೂಡ ಹಾಗೆಯೇ. ಮನೆಗಳು ಬಹಳ ಚಿಕ್ಕವು, ಬಹಳ ಹೆಚ್ಚು. ಆದುದರಿಂದಲೇ ನಮ್ಮ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ.

ಮೊದಲ ಚಿತ್ರ

ಫೋಟೊವನ್ನು ಮನೆಗಳಾಗಿ ಮಾಡಿ ಕಂಪ್ಯೂಟರಿಗೆ ಕೊಟ್ಟವರಲ್ಲಿ ಮೊದಲಿಗರು ಅಮೆರಿಕದ ರಸೆಲ್ ಕಿರ್ಶ್. ಅದು 1957ನೆಯ ಇಸವಿ. ಕಿರ್ಶ್ ಮತ್ತು ಅವರ ಜೊತೆಗಾರರು ಚಿತ್ರವನ್ನು ಓದುವ ಒಂದು ಯಂತ್ರವನ್ನು ತಯಾರಿಸಿದರು. ಅದರಲ್ಲಿ ಇಡಲು ಕಿರ್ಶ್ ಆರಿಸಿದ್ದು ತಮ್ಮ ಮೂರು ತಿಂಗಳ ಮಗುವಿನ ಫೋಟೊ. ಅಂಗೈಗಿಂತಲೂ ಚಿಕ್ಕದಾದ, 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಚಿತ್ರ ಅದು. ಯಂತ್ರ ಅದನ್ನು 176 ಸಾಲುಗಳಾಗಿ ಮಾಡಿತು. ಒಂದೊಂದು ಸಾಲಿನಲ್ಲಿ 176 ಮನೆಗಳು. ಒಟ್ಟು ಎಷ್ಟಾಯಿತು? ಗುಣಿಸಿ ನೋಡಿ, 30,976.

ಇಂದು ಒಂದು ಸಾಧಾರಣ ಮೊಬೈಲಿನಲ್ಲಿ ತೆಗೆದ ಫೋಟೊದ ಅಡ್ಡ ಸಾಲಿನಲ್ಲಿ 4000 ಮನೆಗಳು, ಕಂಬ ಸಾಲಿನಲ್ಲಿ 3000 ಮನೆಗಳು ಇರಬಹುದು. ಒಟ್ಟು 1,20,00,000. ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ! ಹತ್ತು ಲಕ್ಷ ಮನೆಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೇಳುತ್ತಾರೆ. ಆದುದರಿಂದ ಈ ಫೋಟೊ 12 ಮೆಗಾಪಿಕ್ಸೆಲ್‌ನದ್ದು.

ಇಷ್ಟು ದೊಡ್ಡ ಚಿತ್ರ ಎಲ್ಲ ಕೆಲಸಕ್ಕೂ ಬೇಕಾಗುವುದಿಲ್ಲ. ಬ್ಯಾಡ್ಜಿಗೆ ಚಿಕ್ಕದು ಸಾಕು. ಪತ್ರಿಕೆಯ ಪುಟಕ್ಕೆ ಸ್ವಲ್ಪ ದೊಡ್ಡದು ಬೇಕು. ಗೋಡೆಯಲ್ಲಿ ತೂಗಹಾಕಲು ಇನ್ನೂ ದೊಡ್ಡದು ಬೇಕು. ಕೆಲಸಕ್ಕೆ ತಕ್ಕಂತೆ ಚಿತ್ರದ ಅಳತೆಯನ್ನು ಬದಲಾಯಿಸುವುದು ಹೇಗೆ? ಬದಲಾಯಿಸುವಾಗ ಏನನ್ನು ಗಮನಿಸಬೇಕು? ಒಂದು ತರಗತಿಯ ಮಕ್ಕಳು ಇದನ್ನು ಕಲಿತ ಕಥೆಯನ್ನು ಓದೋಣ.

ಸುರಂಗದ ಪತ್ರಿಕೆ

ಕಾಸರಗೋಡಿನ ಎಣ್ಮಕಜೆ, ಪೈವಳಿಕೆ ಮುಂತಾದ ಕಡೆಗಳಲ್ಲಿ ಸುರಂಗಗಳಿವೆ. ಇವು ರೈಲು ಹೋಗುವ ಸುರಂಗಗಳಲ್ಲ, ನೀರಿನ ಸುರಂಗಗಳು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ. ಸುರಂಗವನ್ನು ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆಯುತ್ತಾರೆ. ಮುರಕಲ್ಲಿನ ಗುಡ್ಡದೊಳಗೆ ಜಿನುಗುವ ನೀರು ಪಂಪಿಲ್ಲದೆ, ಹಗ್ಗವಿಲ್ಲದೆ ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಕುಡಿಯಲೂ ಅಡಿಕೆ ತೋಟಕ್ಕೂ ಅದೇ ನೀರು.

ಆ ಊರಿನ ಶಾಲೆಯ ಐದನೆಯ ತರಗತಿಯ ಮಕ್ಕಳು ಸುರಂಗಗಳ ಬಗ್ಗೆ ಒಂದು ಪತ್ರಿಕೆಯನ್ನು ತಯಾರಿಸಲು ಹೊರಟರು. ಪ್ರಾಯದಲ್ಲಿ ಅನೇಕ ಸುರಂಗಗಳನ್ನು ಕೊರೆದ ಅಜ್ಜ ಒಬ್ಬರು ಶಾಲೆಯ ಹತ್ತಿರವೇ ಇದ್ದರು. ಅವರ ಮೊಮ್ಮಗಳು ಅದೇ ತರಗತಿಯಲ್ಲಿ ಕಲಿಯುತ್ತಿದ್ದಳು. ಊರವರೆಲ್ಲ ಅವರನ್ನು ಸುರಂಗದಜ್ಜ ಎಂದು ಕರೆಯುತ್ತಿದ್ದರು.

"ಅಜ್ಜಾ, ನಿಮ್ಮ ಫೋಟೊ ತೆಗೆದು ಪತ್ರಿಕೆಯಲ್ಲಿ ಹಾಕಬಹುದೇ?" ಎಂದು ಮಕ್ಕಳು ಮೊದಲು ಕೇಳಿದರು.

"ನನ್ನದೇಕೆ ಮಕ್ಕಳೇ? ಸುರಂಗದ್ದು ತೆಗೆಯಿರಿ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಆಗದೇ?" ಎಂದು ಅಜ್ಜ ನಕ್ಕರು.

ಬೆಳಗಿನ ಬಿಸಿಲು ಸುರಂಗದ ಬಾಯಿಗೆ ನೇರವಾಗಿ ಬೀಳುತ್ತಿತ್ತು. ಟೀಚರ್ ಫೋಟೊ ತೆಗೆದರು. ಚಿತ್ರದಲ್ಲಿ ಕೆಂಪು ಮುರಕಲ್ಲಿನ ಗೋಡೆ, ನಡುವೆ ಸುರಂಗದ ಕತ್ತಲೆಯ ಬಾಯಿ, ಪಕ್ಕದಲ್ಲಿ ತಲೆಗೆ ಮುಟ್ಟಾಳೆ ಇಟ್ಟು ನಿಂತ ಅಜ್ಜ. ಅಳತೆ 4000 ಮನೆ ಅಗಲ, 3000 ಮನೆ ಎತ್ತರ.

ಮಾರನೆಯ ದಿನ ಕಂಪ್ಯೂಟರ್ ಕೋಣೆಯಲ್ಲಿ ಟೀಚರ್ ಕರಿಹಲಗೆಯಲ್ಲಿ ಮೂರು ಕೆಲಸಗಳನ್ನು ಬರೆದರು.

1. ಪತ್ರಿಕೆಯ ಒಳಪುಟಕ್ಕೆ 4 ಇಂಚು ಅಗಲದ ಫೋಟೊ.
2. ಬಿಡುಗಡೆಯ ದಿನ ಮಕ್ಕಳು ಧರಿಸಲು 2 ಇಂಚಿನ ಬ್ಯಾಡ್ಜ್.
3. ಮುಖಪುಟದ ತಲೆಭಾಗಕ್ಕೆ 8 ಇಂಚು ಉದ್ದ, 2 ಇಂಚು ಎತ್ತರದ ಪಟ್ಟಿ.

"ಒಂದೇ ಚಿತ್ರದಿಂದ ಮೂರನ್ನೂ ಮಾಡಬೇಕು. ಹೇಗೆ?" ಎಂದು ಟೀಚರ್ ಕೇಳಿದರು.

ಒಳಪುಟದ ಫೋಟೊ

ಚೆನ್ನಾಗಿ ಮುದ್ರಣವಾಗಬೇಕಾದರೆ ಕಾಗದದ ಒಂದು ಇಂಚಿಗೆ ಸುಮಾರು 300 ಮನೆಗಳು ಬೇಕು. ಹಾಗಾದರೆ 4 ಇಂಚಿಗೆ? 4ನ್ನು 300ರಿಂದ ಗುಣಿಸಿದರೆ 1200. ಅಗಲ ಗೊತ್ತಾಯಿತು. ಎತ್ತರ ಎಷ್ಟಿರಬೇಕು?

ಇದಕ್ಕೂ ಲೆಕ್ಕವಿದೆ. ಮೂಲ ಚಿತ್ರದಲ್ಲಿ ಅಗಲ 4000, ಎತ್ತರ 3000. ಅಂದರೆ ಅಗಲದ 4 ಪಾಲಿಗೆ ಎತ್ತರದ 3 ಪಾಲು. ಚಿಕ್ಕ ಚಿತ್ರದಲ್ಲಿಯೂ ಹಾಗೆಯೇ ಇರಬೇಕು. 1200ನ್ನು 4 ಪಾಲು ಮಾಡಿದರೆ ಒಂದು ಪಾಲು 300. ಅಂಥ 3 ಪಾಲು 900. ಆದ್ದರಿಂದ ಹೊಸ ಚಿತ್ರದ ಅಳತೆ 1200 ಅಗಲ, 900 ಎತ್ತರ.

ಮಕ್ಕಳು ಬಳಸಿದ ಫೋಟೊ ಎಡಿಟರಿನ ಹೆಸರು ಗಿಂಪ್. ಅದರಲ್ಲಿ ಅವರು ಮಾಡಿದ ಕೆಲಸ ಹೀಗಿದೆ.

- ಫೈಲ್ ಮೆನುವಿನಲ್ಲಿ ಓಪನ್ ಒತ್ತಿ ಫೋಟೊವನ್ನು ತೆರೆದರು.
- ಇಮೇಜ್ ಮೆನುವಿನಲ್ಲಿ ಡುಪ್ಲಿಕೇಟ್ ಒತ್ತಿದರು. ಅದೇ ಚಿತ್ರದ ನಕಲು ಇನ್ನೊಂದಾಗಿ ತೆರೆಯಿತು. ಮೂಲ ಚಿತ್ರವನ್ನು ಮುಚ್ಚಿದರು.
- ನಕಲಿನಲ್ಲಿ ಇಮೇಜ್ ಮೆನುವಿನಿಂದ ಸ್ಕೇಲ್ ಇಮೇಜ್ ಆರಿಸಿದರು. ಒಂದು ಚಿಕ್ಕ ಕಿಟಕಿ ತೆರೆಯಿತು.
- ವಿಡ್ತ್ ಎಂದರೆ ಅಗಲ. ಅಲ್ಲಿ 1200 ಎಂದು ಬರೆದು ಟ್ಯಾಬ್ ಕೀಲಿಯನ್ನು ಒತ್ತಿದರು. ಹೈಟ್ ಎಂದರೆ ಎತ್ತರ. ಅಲ್ಲಿ 900 ಎಂದು ತಾನಾಗಿಯೇ ಬಂತು!
- ಸ್ಕೇಲ್ ಗುಂಡಿಯನ್ನು ಒತ್ತಿದರು. ಚಿತ್ರ ಚಿಕ್ಕದಾಯಿತು.
- ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಒತ್ತಿ, 'ಸುರಂಗ-ಪುಟ' ಎಂಬ ಹೊಸ ಹೆಸರು ಕೊಟ್ಟು ಉಳಿಸಿದರು.

"ಎತ್ತರವನ್ನು ನಾವು ಬರೆಯಲೇ ಇಲ್ಲ. ಅದಕ್ಕೆ ಹೇಗೆ ಗೊತ್ತಾಯಿತು ಟೀಚರ್?" ಎಂದು ತರಗತಿಯ ನಾಯಕಿ ಕೇಳಿದಳು.

"ಅಗಲ ಮತ್ತು ಎತ್ತರದ ಅಂಕೆಗಳ ಪಕ್ಕದಲ್ಲಿ ಏನಿದೆ, ನೋಡಿ."

"ಒಂದು ಸರಪಳಿಯ ಚಿತ್ರ!"

"ಹೌದು. ಸರಪಳಿ ಕೂಡಿಕೊಂಡಿದ್ದರೆ ಅಗಲ ಮತ್ತು ಎತ್ತರ ಜೋಡಿಯಾಗಿರುತ್ತವೆ. ಒಂದು ಕಡಿಮೆಯಾದರೆ ಇನ್ನೊಂದು ಅದಕ್ಕೆ ಸರಿಯಾಗಿ ಕಡಿಮೆಯಾಗುತ್ತದೆ."

"ಸರಪಳಿಯನ್ನು ಬಿಡಿಸಿದರೆ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ.

"ಬಿಡಿಸಿ ನೋಡು. ನಕಲಿನಲ್ಲಿ ತಾನೇ, ಹೆದರಬೇಡ" ಎಂದರು ಟೀಚರ್.

ಅವನು ಸರಪಳಿಯನ್ನು ಬಿಡಿಸಿ, ಅಗಲ 1200, ಎತ್ತರ 1200 ಎಂದು ಬರೆದು ಸ್ಕೇಲ್ ಒತ್ತಿದ. ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜ ತೆಂಗಿನ ಮರದಂತೆ ಉದ್ದವಾಗಿದ್ದರು. ಮುಟ್ಟಾಳೆ ಕೊಡಪಾನದಂತೆ ಮೇಲೆದ್ದು ನಿಂತಿತ್ತು. ಮೊಮ್ಮಗಳು ಮಾತ್ರ ನಗಲಿಲ್ಲ. "ನನ್ನ ಅಜ್ಜ ಹಾಗಿಲ್ಲ" ಎಂದಳು.

ಹುಡುಗ ಕೂಡಲೇ ಕಂಟ್ರೋಲ್ ಕೀಲಿಯ ಜೊತೆಗೆ ಝಡ್ ಕೀಲಿಯನ್ನು ಒತ್ತಿದ. ಮಾಡಿದ ಕೆಲಸ ಹಿಂದಕ್ಕೆ ಹೋಯಿತು. ಅಜ್ಜ ಮತ್ತೆ ಅಜ್ಜನಂತೆಯೇ ಆದರು.

"ಚಿತ್ರದಲ್ಲಿರುವವರು ಹೇಗಿದ್ದಾರೋ ಹಾಗೆಯೇ ಕಾಣಬೇಕು. ಸರಪಳಿ ಇರುವುದು ಅದಕ್ಕಾಗಿ" ಎಂದರು ಟೀಚರ್.

ಬ್ಯಾಡ್ಜ್ ಮತ್ತು ಪಟ್ಟಿ

ಬ್ಯಾಡ್ಜ್ 2 ಇಂಚು ಅಗಲ, 2 ಇಂಚು ಎತ್ತರ. ಅಂದರೆ 600 ಮನೆ, 600 ಮನೆ. ಆದರೆ ಫೋಟೊ ಚೌಕವಾಗಿಲ್ಲವಲ್ಲ! ಎಳೆದು ಚೌಕ ಮಾಡಿದರೆ ಅಜ್ಜ ಮತ್ತೆ ಉದ್ದವಾಗುತ್ತಾರೆ. ಏನು ಮಾಡುವುದು?

ಬಟ್ಟೆಯಿಂದ ಕರವಸ್ತ್ರ ಬೇಕಾದರೆ ನಾವು ಬಟ್ಟೆಯನ್ನು ಎಳೆಯುತ್ತೇವೆಯೇ? ಇಲ್ಲ, ಬೇಕಾದಷ್ಟನ್ನು ಕತ್ತರಿಸುತ್ತೇವೆ. ಚಿತ್ರದಲ್ಲಿಯೂ ಹಾಗೆಯೇ. ಇದಕ್ಕೆ ಕ್ರಾಪ್ ಎಂದು ಹೆಸರು. ಮಕ್ಕಳು ಮೂಲ ಚಿತ್ರದ ಇನ್ನೊಂದು ನಕಲನ್ನು ತೆಗೆದರು. ಕ್ರಾಪ್ ಟೂಲ್ ಹಿಡಿದು ಸುರಂಗದ ಬಾಯಿಯ ಸುತ್ತ 2000 ಅಗಲ, 2000 ಎತ್ತರದ ಚೌಕವನ್ನು ಎಳೆದು ಎಂಟರ್ ಒತ್ತಿದರು. ಚೌಕದ ಹೊರಗಿದ್ದುದು ಹೋಯಿತು. ಆ ಬಳಿಕ ಸ್ಕೇಲ್ ಇಮೇಜ್ ತೆರೆದು 600 ಎಂದು ಬರೆದರು. 'ಸುರಂಗ-ಬ್ಯಾಡ್ಜ್' ತಯಾರಾಯಿತು.

ಪಟ್ಟಿಗೂ ಇದೇ ಉಪಾಯ. 8 ಇಂಚಿಗೆ 2400 ಮನೆ, 2 ಇಂಚಿಗೆ 600 ಮನೆ. ಅಂದರೆ ಅಗಲ ಎತ್ತರದ ನಾಲ್ಕರಷ್ಟು. ಮಕ್ಕಳು ಮೂರನೆಯ ನಕಲಿನಿಂದ 4000 ಅಗಲ, 1000 ಎತ್ತರದ ಭಾಗವನ್ನು ಕತ್ತರಿಸಿದರು. ಅದನ್ನು 2400 ಅಗಲಕ್ಕೆ ಇಳಿಸಿದಾಗ ಎತ್ತರ 600 ಆಯಿತು. ಮುರಕಲ್ಲಿನ ಗೋಡೆಯ ಕೆಂಪು ಪಟ್ಟಿಯ ಮೇಲೆ ಪತ್ರಿಕೆಯ ಹೆಸರನ್ನು ಬಿಳಿ ಅಕ್ಷರಗಳಲ್ಲಿ ಬರೆದರು.

ಆಕಾರ ಬದಲಾಗಬೇಕಾದರೆ ಮೊದಲು ಕತ್ತರಿಸುವುದು, ಆ ಬಳಿಕ ಅಳತೆಯನ್ನು ಬದಲಾಯಿಸುವುದು. ಈ ಕ್ರಮವನ್ನು ಎಲ್ಲರೂ ನೋಟ್ ಪುಸ್ತಕದಲ್ಲಿ ಬರೆದುಕೊಂಡರು.

ಬೂದು ಬಣ್ಣದ ಹಾಸು

ಅಷ್ಟರಲ್ಲಿ ಇನ್ನೊಂದು ಕಂಪ್ಯೂಟರಿನಲ್ಲಿ ಒಬ್ಬಳು ಹುಡುಗಿ ಅವಸರದಿಂದ ಕೆಲಸ ಮಾಡುತ್ತಿದ್ದಳು. ಅವಳು ನಕಲು ತೆಗೆಯಲಿಲ್ಲ. ಮೂಲ ಫೋಟೊವನ್ನೇ ತೆರೆದು 1200ಕ್ಕೆ ಇಳಿಸಿದಳು. ಫೈಲ್ ಮೆನುವಿನಲ್ಲಿ ಓವರ್‌ರೈಟ್ ಎಂದು ಇತ್ತು. ಇಲಿಯ ಬಾಣದ ಗುರುತು ಅದರ ಮೇಲೆ ಹೋಯಿತು.

"ತಡೆ, ತಡೆ! ಒತ್ತಬೇಡ!" ಎಂದು ಟೀಚರ್ ಹತ್ತಿರ ಬಂದರು. "ಓವರ್‌ರೈಟ್ ಎಂದರೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು. ಒತ್ತಿದರೆ ಮೂಲ ಚಿತ್ರ ಹೋಗುತ್ತದೆ."

"ಹೋದರೇನು ಟೀಚರ್? ಬೇಕಾದಾಗ ಮತ್ತೆ 4000 ಎಂದು ಬರೆದು ದೊಡ್ಡದು ಮಾಡಬಹುದಲ್ಲ?"

ಒಳ್ಳೆಯ ಪ್ರಶ್ನೆ! ಮಕ್ಕಳೇ, ನೀವು ಏನು ಹೇಳುವಿರಿ? ಟೀಚರ್ ಉತ್ತರವನ್ನು ಹೇಳಲಿಲ್ಲ. ಕಪಾಟಿನಿಂದ ಚದುರಂಗದ ಹಾಸನ್ನು ತಂದು ಮೇಜಿನ ಮೇಲೆ ಹಾಸಿದರು.

"ಇದನ್ನು ಒಂದು ಚಿತ್ರ ಎಂದು ತಿಳಿಯೋಣ. ಇದರಲ್ಲಿ ಎಷ್ಟು ಮನೆಗಳಿವೆ?"

"ಅರುವತ್ತನಾಲ್ಕು. ಎಂಟು ಸಾಲು, ಸಾಲಿಗೆ ಎಂಟು."

"ಇದನ್ನು ನಾಲ್ಕು ಸಾಲಿಗೆ ಇಳಿಸಬೇಕು. ಆಗ ಮನೆಗಳು ಹದಿನಾರು ಮಾತ್ರ. ಹಾಗಾದರೆ ಹಳೆಯ ನಾಲ್ಕು ಮನೆಗಳು ಸೇರಿ ಹೊಸ ಒಂದು ಮನೆ ಆಗಬೇಕು. ಈ ಮೂಲೆಯ ನಾಲ್ಕು ಮನೆಗಳನ್ನು ನೋಡಿ. ಯಾವ ಬಣ್ಣ?"

"ಎರಡು ಕಪ್ಪು, ಎರಡು ಬಿಳಿ."

"ನಾಲ್ಕನ್ನೂ ಕಲಸಿದರೆ?"

"ಬೂದು ಬಣ್ಣ!"

"ಪಕ್ಕದ ನಾಲ್ಕು?"

"ಅದೂ ಎರಡು ಕಪ್ಪು, ಎರಡು ಬಿಳಿ. ಅದೂ ಬೂದು."

ಹೀಗೆ ನೋಡುತ್ತಾ ಹೋದಾಗ ಹದಿನಾರು ಮನೆಗಳೂ ಬೂದು ಬಣ್ಣದವೇ ಆದವು. ಟೀಚರ್ ಕರಿಹಲಗೆಯಲ್ಲಿ ಹದಿನಾರು ಬೂದು ಮನೆಗಳನ್ನು ಬರೆದು ತೋರಿಸಿದರು.

"ಈಗ ಇದನ್ನು ಮತ್ತೆ ಅರುವತ್ತನಾಲ್ಕು ಮನೆಗಳಾಗಿ ಹಿಗ್ಗಿಸೋಣ. ಒಂದು ಬೂದು ಮನೆಯನ್ನು ನಾಲ್ಕು ಮಾಡಬೇಕು. ಯಾವುದಕ್ಕೆ ಕಪ್ಪು ಬಳಿಯಲಿ? ಯಾವುದಕ್ಕೆ ಬಿಳಿ ಬಳಿಯಲಿ?"

ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅವಸರದ ಹುಡುಗಿಯೇ ಹೇಳಿದಳು. "ಗೊತ್ತಾಗುವುದಿಲ್ಲ ಟೀಚರ್. ಎಲ್ಲವೂ ಬೂದು ಬಣ್ಣವೇ ಆಗುತ್ತದೆ."

"ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ಮನೆಗಳ ಲೆಕ್ಕ ಮತ್ತೆ ಅರುವತ್ತನಾಲ್ಕು ಆಗುತ್ತದೆ, ಆದರೆ ಚದುರಂಗದ ಹಾಸು ಮಾತ್ರ ಮರಳಿ ಬರುವುದಿಲ್ಲ. ನಮ್ಮ ಫೋಟೊದಲ್ಲಿ 1,20,00,000 ಮನೆಗಳಿದ್ದವು. 1200 ಅಗಲಕ್ಕೆ ಇಳಿಸಿದಾಗ ಉಳಿದದ್ದು 10,80,000. ಅಂದರೆ ಹನ್ನೊಂದು ಮನೆಗಳಿಗಿಂತಲೂ ಹೆಚ್ಚು ಇದ್ದ ಜಾಗದಲ್ಲಿ ಈಗ ಒಂದೇ ಮನೆ. ಹಿಗ್ಗಿಸಿದರೆ ಮನೆಗಳ ಸಂಖ್ಯೆ ಹೆಚ್ಚಬಹುದು. ಹೋದ ಗೆರೆ, ಹೋದ ಚುಕ್ಕಿ ಹಿಂದೆ ಬರುವುದಿಲ್ಲ."

"ಕಂಟ್ರೋಲ್ ಝಡ್ ಒತ್ತಿದರೆ?"

"ಚಿತ್ರ ತೆರೆದಿರುವಷ್ಟು ಹೊತ್ತು ಒತ್ತಬಹುದು. ಓವರ್‌ರೈಟ್ ಮಾಡಿ ಮುಚ್ಚಿದ ಮೇಲೆ ಅದೂ ನಡೆಯುವುದಿಲ್ಲ."

ಹುಡುಗಿ ಇಲಿಯ ಮೇಲಿನಿಂದ ಕೈ ತೆಗೆದಳು. ಉಳಿಸದೆಯೇ ಚಿತ್ರವನ್ನು ಮುಚ್ಚಿ, ಪುನಃ ತೆರೆದು, ಮೊದಲು ನಕಲು ತೆಗೆದಳು. ಟೀಚರ್ ಮೂಲ ಫೋಟೊವನ್ನು 'ಮೂಲ' ಎಂಬ ಬೇರೆಯೇ ಫೋಲ್ಡರಿನಲ್ಲಿ ಇಟ್ಟರು. ಒಂದು ಪೆನ್ ಡ್ರೈವಿಗೂ ತುಂಬಿಸಿ ಕಪಾಟಿನಲ್ಲಿ ಇಟ್ಟರು.

ಎಡಗೈಯ ಗೆರೆಗಳು

ಪತ್ರಿಕೆ ಚೆನ್ನಾಗಿ ಮೂಡಿಬಂತು. ಬ್ಯಾಡ್ಜ್ ಧರಿಸಿದ ಮಕ್ಕಳು ಸುರಂಗದಜ್ಜನ ಕೈಯಿಂದಲೇ ಅದನ್ನು ಬಿಡುಗಡೆ ಮಾಡಿಸಿದರು.

ಆ ವರ್ಷ ಆಟಿ ತಿಂಗಳಲ್ಲಿ ಜಡಿಮಳೆ ಹಿಡಿಯಿತು. ಒಂದು ರಾತ್ರಿ ಗುಡ್ಡದ ಮೇಲಿನ ಮಣ್ಣು ಜರಿದು ಸುರಂಗದ ಬಾಯಿ ಮುಚ್ಚಿಹೋಯಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಗೋಡೆ ಮಣ್ಣಿನಡಿಗೆ ಸೇರಿತು.

ಕೆಲವು ದಿನ ಕಳೆದು ಮೊಮ್ಮಗಳು ಟೀಚರ ಹತ್ತಿರ ಬಂದಳು. ಕೈಯಲ್ಲಿ ಪತ್ರಿಕೆ ಇತ್ತು.

"ಟೀಚರ್, ಅಜ್ಜ ದಿನವೂ ಈ ಫೋಟೊವನ್ನು ಕನ್ನಡಕ ಹಾಕಿ ನೋಡುತ್ತಾರೆ. ಗೋಡೆಯಲ್ಲಿ ಪಿಕ್ಕಾಸಿನ ಗೆರೆಗಳಿದ್ದವಂತೆ. ಬಲಬದಿಯಲ್ಲಿ ಇದ್ದುದು ಅಜ್ಜನ ತಮ್ಮ ಕೊರೆದ ಗೆರೆಗಳಂತೆ. ಅವರು ಎಡಗೈಯವರು. ಅವರ ಗೆರೆ ಆಚೆ ಬದಿಗೆ ವಾಲುತ್ತದೆಯಂತೆ. ಅವರು ಈಗ ಇಲ್ಲ. ಇದರಲ್ಲಿ ಗೋಡೆ ಬರಿಯ ಕೆಂಪಾಗಿ ಕಾಣುತ್ತದೆ. ಗೆರೆಗಳು ಕಾಣುವುದಿಲ್ಲ."

ಟೀಚರ್ ಕಪಾಟಿನಿಂದ ಪೆನ್ ಡ್ರೈವ್ ತೆಗೆದು ಮೂಲ ಫೋಟೊವನ್ನು ತೆರೆದರು. ಬಲಬದಿಯ ಗೋಡೆಯನ್ನು ಹಿಗ್ಗಿಸಿದರು. ಹಿಂದೆ ನಿಂತಿದ್ದ ಮಕ್ಕಳೆಲ್ಲ ಮುಂದಕ್ಕೆ ಬಾಗಿದರು. ಮುರಕಲ್ಲಿನ ಮೇಲೆ ಒಂದರ ಕೆಳಗೆ ಒಂದರಂತೆ ಗೆರೆಗಳು ಕಂಡವು. ಎಡಬದಿಯ ಗೆರೆಗಳೆಲ್ಲ ಒಂದು ಕಡೆಗೆ ವಾಲಿದ್ದವು. ಬಲಬದಿಯ ಗೆರೆಗಳು ಇನ್ನೊಂದು ಕಡೆಗೆ.

ಚಿಕ್ಕ ಚಿತ್ರದಲ್ಲಿ ಈ ಗೆರೆಗಳು ಎಲ್ಲಿ ಹೋಗಿದ್ದವು? ಗೆರೆ ತೆಳ್ಳಗಿತ್ತು. ಅದರ ಕಪ್ಪು ಮನೆಗಳು ಪಕ್ಕದ ಕೆಂಪು ಮನೆಗಳ ಜೊತೆ ಕಲಸಿಹೋಗಿದ್ದವು, ಚದುರಂಗದ ಹಾಸಿನಂತೆ.

ಟೀಚರ್ ಕಾಗದದ ಮೇಲೆ ಲೆಕ್ಕ ಮಾಡಿದರು. ಗೋಡೆಯಲ್ಲಿ ತೂಗಹಾಕಲು 12 ಇಂಚು ಅಗಲದ ಚಿತ್ರ ಬೇಕು. ಪತ್ರಿಕೆಯ ಚಿತ್ರದಿಂದ ಮಾಡಿದರೆ 1200 ಮನೆಗಳನ್ನು 12 ಇಂಚಿಗೆ ಹಂಚಬೇಕು. ಇಂಚಿಗೆ 100 ಮಾತ್ರ. ಮಸುಕಾಗುತ್ತದೆ. ಮೂಲ ಚಿತ್ರದಿಂದ ಮಾಡಿದರೆ 4000 ಮನೆಗಳು 12 ಇಂಚಿಗೆ. ಇಂಚಿಗೆ 333. ಧಾರಾಳ ಸಾಕು.

ಪೇಟೆಯ ಸ್ಟುಡಿಯೋದಲ್ಲಿ ಚಿತ್ರವನ್ನು ಮುದ್ರಿಸಿ, ಕಟ್ಟು ಹಾಕಿಸಿ, ಮಕ್ಕಳೆಲ್ಲ ಸೇರಿ ಅಜ್ಜನ ಮನೆಗೆ ಕೊಂಡುಹೋದರು. ಅಜ್ಜ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಲಬದಿಯ ಗೆರೆಗಳ ಮೇಲೆ ಮೆಲ್ಲನೆ ಬೆರಳಾಡಿಸಿದರು. ಅವಸರದ ಹುಡುಗಿ ಮೊಮ್ಮಗಳ ಕೈಯನ್ನು ಹಿಡಿದುಕೊಂಡಳು.

ನೆನಪಿಡೋಣ

- ಫೋಟೊ ತೆಗೆಯುವ ಮೊದಲು ಅದರಲ್ಲಿರುವವರ ಒಪ್ಪಿಗೆಯನ್ನು ಕೇಳಬೇಕು.
- ಮೂಲ ಚಿತ್ರವನ್ನು ಬೇರೆಯಾಗಿ ಕಾಪಾಡಬೇಕು. ಕೆಲಸವೆಲ್ಲ ನಕಲಿನಲ್ಲಿ ನಡೆಯಬೇಕು.
- ಅಗಲ, ಎತ್ತರಗಳ ಸರಪಳಿಯನ್ನು ಬಿಡಿಸಬಾರದು.
- ಆಕಾರ ಬೇರೆ ಬೇಕಾದರೆ ಎಳೆಯಬಾರದು, ಕತ್ತರಿಸಬೇಕು.
- ದೊಡ್ಡದನ್ನು ಚಿಕ್ಕದು ಮಾಡಬಹುದು. ಚಿಕ್ಕದನ್ನು ಹಿಗ್ಗಿಸಿದರೆ ಹೋದದ್ದು ಮರಳಿ ಬರುವುದಿಲ್ಲ.
- ಹೊಸ ಚಿತ್ರಕ್ಕೆ ಹೊಸ ಹೆಸರು ಕೊಡಬೇಕು.

ನಿಮಗೆ ಗೊತ್ತೇ?

ಗಿಂಪ್ ತಂತ್ರಾಂಶವನ್ನು 1995ರಲ್ಲಿ ಬರೆಯಲು ತೊಡಗಿದವರು ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್. ಆಗ ಅವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದರು. 1996ರಲ್ಲಿ ಅದು ಎಲ್ಲರ ಬಳಕೆಗೆ ಬಂತು. ಇದು ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಗೆಳೆಯರಿಗೆ ಕೊಡಬಹುದು, ತಿಳಿದವರು ತಿದ್ದಲೂಬಹುದು. ಲಿನಕ್ಸ್‌ನ ಗುರುತಾದ ಟಕ್ಸ್ ಎಂಬ ಪೆಂಗ್ವಿನ್ ಹಕ್ಕಿಯನ್ನು ನೋಡಿದ್ದೀರಾ? ಅದನ್ನು 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬವರು ಗಿಂಪ್‌ನಲ್ಲಿಯೇ ಬಿಡಿಸಿದರು.

ಪದಗಳ ಅರ್ಥ

ಮುರಕಲ್ಲು – ಗುಡ್ಡಗಳಲ್ಲಿ ದೊರೆಯುವ, ತೂತುಗಳಿರುವ ಕೆಂಪು ಕಲ್ಲು
ಮುಟ್ಟಾಳೆ – ಅಡಿಕೆಯ ಹಾಳೆಯಿಂದ ಮಾಡಿದ ಟೊಪ್ಪಿ
ಪಿಕ್ಕಾಸು – ನೆಲ, ಕಲ್ಲು ಅಗೆಯುವ ಸಲಕರಣೆ
ಜಿನುಗು – ಸ್ವಲ್ಪ ಸ್ವಲ್ಪವಾಗಿ ಒಸರು
ಜರಿ – ಕುಸಿ, ಜಾರಿ ಬೀಳು
ನಕಲು – ಇದ್ದಂತೆಯೇ ಮಾಡಿದ ಪ್ರತಿ
ತಂತ್ರಾಂಶ – ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಆದೇಶಗಳ ಕಟ್ಟು

ಉತ್ತರಿಸೋಣ

1. ಪಿಕ್ಸೆಲ್ ಎಂದರೇನು? ಪಾಠದಲ್ಲಿ ಅದನ್ನು ಯಾವುದಕ್ಕೆ ಹೋಲಿಸಲಾಗಿದೆ?
2. ಸುರಂಗಕ್ಕೂ ಬಾವಿಗೂ ಇರುವ ವ್ಯತ್ಯಾಸವೇನು?
3. ಸರಪಳಿಯನ್ನು ಬಿಡಿಸಿದಾಗ ಚಿತ್ರಕ್ಕೆ ಏನಾಯಿತು? ಮೊಮ್ಮಗಳು ಏಕೆ ನಗಲಿಲ್ಲ?
4. ಚದುರಂಗದ ಹಾಸಿನಿಂದ ಟೀಚರ್ ಯಾವ ವಿಷಯವನ್ನು ತಿಳಿಸಿಕೊಟ್ಟರು?
5. ಪತ್ರಿಕೆಯ ಚಿತ್ರದಲ್ಲಿ ಪಿಕ್ಕಾಸಿನ ಗೆರೆಗಳು ಕಾಣದಿರಲು ಕಾರಣವೇನು?
6. ಹುಡುಗಿ ಓವರ್‌ರೈಟ್ ಒತ್ತಿದ್ದರೆ, ಪೆನ್ ಡ್ರೈವಿನಲ್ಲಿಯೂ ಪ್ರತಿ ಇಲ್ಲದಿದ್ದರೆ, ಕಥೆ ಹೇಗೆ ಮುಗಿಯುತ್ತಿತ್ತು? ಚರ್ಚಿಸಿರಿ.

ಲೆಕ್ಕ ಮಾಡೋಣ

1. ಒಂದು ಫೋಟೊದ ಅಗಲ 3200, ಎತ್ತರ 2400. ಅಗಲವನ್ನು 800ಕ್ಕೆ ಇಳಿಸಿದರೆ ಎತ್ತರ ಎಷ್ಟಾಗಬೇಕು?
2. 5 ಇಂಚು ಅಗಲದ ಚಿತ್ರವನ್ನು ಚೆನ್ನಾಗಿ ಮುದ್ರಿಸಲು ಅಗಲದಲ್ಲಿ ಎಷ್ಟು ಮನೆಗಳು ಬೇಕು?
3. ಬ್ಯಾಡ್ಜಿನ ಚಿತ್ರದಲ್ಲಿ ಒಟ್ಟು ಎಷ್ಟು ಮನೆಗಳಿವೆ?

ಹೊಂದಿಸಿ ಬರೆಯೋಣ

ಸ್ಕೇಲ್ – ಬೇಡದ ಭಾಗವನ್ನು ಕತ್ತರಿಸುವುದು
ಕ್ರಾಪ್ – ಇನ್ನೊಂದು ಪ್ರತಿ ತೆಗೆಯುವುದು
ಡುಪ್ಲಿಕೇಟ್ – ಹಳೆಯದರ ಮೇಲೆ ಹೊಸದನ್ನು ಬರೆಯುವುದು
ಓವರ್‌ರೈಟ್ – ಅಳತೆಯನ್ನು ಬದಲಾಯಿಸುವುದು

ಭಾಷಾ ಚಟುವಟಿಕೆ

1. ಗಮನಿಸಿರಿ: ಚಿತ್ರ ಹಿಗ್ಗಿತು. ಹುಡುಗಿ ಚಿತ್ರವನ್ನು ಹಿಗ್ಗಿಸಿದಳು. ಇದೇ ರೀತಿ ಕುಗ್ಗು, ಓಡು, ನಗು, ಕಲಿ ಎಂಬ ಪದಗಳಿಂದ ಎರಡೆರಡು ವಾಕ್ಯಗಳನ್ನು ರಚಿಸಿರಿ.
2. ಸಣ್ಣ ಸಣ್ಣ, ಬಣ್ಣ ಬಣ್ಣ, ಸಾಲುಸಾಲು – ಇಂಥ ಇನ್ನೂ ಐದು ಪದಗಳನ್ನು ಸಂಗ್ರಹಿಸಿರಿ.
3. ವಿರುದ್ಧ ಪದ ಬರೆಯಿರಿ: ಮಸುಕು, ಹೊರಗೆ, ಮೂಲ, ಅವಸರ.

ಮಾಡಿ ನೋಡೋಣ

ಚೌಕುಳಿ ಪುಸ್ತಕದಲ್ಲಿ ಅಗಲ 8, ಎತ್ತರ 8 ಮನೆಗಳ ಜಾಗದಲ್ಲಿ ಪೆನ್ಸಿಲಿನಿಂದ ಮನೆಗಳನ್ನು ತುಂಬಿಸಿ ಒಂದು ಮೀನಿನ ಚಿತ್ರವನ್ನು ಬಿಡಿಸಿರಿ. ಪಕ್ಕದಲ್ಲಿ ಅದನ್ನೇ ಅಗಲ 4, ಎತ್ತರ 4 ಮನೆಗಳಿಗೆ ಇಳಿಸಿರಿ. ನಾಲ್ಕು ಮನೆಗಳಲ್ಲಿ ಮೂರು ಅಥವಾ ನಾಲ್ಕು ಕಪ್ಪಾಗಿದ್ದರೆ ಹೊಸ ಮನೆ ಕಪ್ಪು, ಎರಡು ಕಪ್ಪಾಗಿದ್ದರೆ ಬೂದು, ಒಂದು ಅಥವಾ ಒಂದೂ ಇಲ್ಲದಿದ್ದರೆ ಬಿಳಿ. ಮೀನಿನ ಕಣ್ಣು ಉಳಿಯಿತೇ? ಬಾಲ ಉಳಿಯಿತೇ? ಚಿಕ್ಕ ಚಿತ್ರವನ್ನು ಮಾತ್ರ ಗೆಳೆಯರಿಗೆ ತೋರಿಸಿ, ಅದು ಏನೆಂದು ಕೇಳಿರಿ. ಅವರು ಹೇಳಿದ್ದನ್ನು ಬರೆದಿಟ್ಟು ತರಗತಿಯಲ್ಲಿ ಓದಿರಿ.

ನಿಮ್ಮ ಮನೆಯಲ್ಲಿರುವ ಒಂದು ಹಳೆಯ ಫೋಟೊದಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದದ್ದು ಎಂದು ಹಿರಿಯರಿಂದ ಕೇಳಿ ತಿಳಿದು ಒಂದು ಟಿಪ್ಪಣಿ ತಯಾರಿಸಿರಿ. ಆ ಫೋಟೊ ಈಗ ಎಲ್ಲಿ, ಹೇಗೆ ಇದೆ ಎಂಬುದನ್ನೂ ಬರೆಯಿರಿ.